ಓಡಿದ ಎಂಜಿನ್ನಿನಿಂದಲೇ ಡ್ರ್ಯಾಗ್ ರೇಸ್ ಚಾಂಪಿಯನ್ ಟ್ರೋಫಿ

ಅಂಗಡಿಯ ಪ್ಲಾಸ್ಟಿಕ್ ಕಪ್ಪಿಗೆ ರೇಸಿನ ಹೆಸರು ಅಂಟಿಸಿದರೆ ಅದು ಕಬಡ್ಡಿಗೂ ಆದೀತು, ಕೇರಂಗೂ ಆದೀತು. ಎರಡು ಗಾಡಿಗಳು ನೇರ ಟ್ರ್ಯಾಕಿನಲ್ಲಿ ಅಕ್ಕಪಕ್ಕ ಓಡುವ ಡ್ರ್ಯಾಗ್ ರೇಸಿನ ಟ್ರೋಫಿ ನೋಡಿದ ಕೂಡಲೇ ಅದು ಯಾವ ಆಟದ್ದೆಂದು ತಿಳಿಯಬೇಕು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ 1969ರಿಂದ ಕೊಡುತ್ತಿರುವ ‘ವಾಲಿ’ ಹಾಗಿದೆ: ಟೈರಿನ ಪಕ್ಕ ನಿಂತ ರೇಸರ್‌ನ ಪ್ರತಿಮೆ, ಅದಕ್ಕೆ ಸಂಸ್ಥೆ ಕಟ್ಟಿದ ವಾಲಿ ಪಾರ್ಕ್ಸ್ ಅವರ ಹೆಸರು. ಒಂದೆರಡು ಟ್ರೋಫಿಗಾಗಿ ಎರಕ ಹೊಯ್ಯಿಸುವುದು ದುಬಾರಿ. ಪಿಸ್ಟನ್, ಅದನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್, ಸ್ಟಾರ್ಟಿಂಗ್ ಲೈನಿನ ದೀಪ, ಈ ಮೂರನ್ನು ಕೂಡಿಸಿದರೆ ಸುಮಾರು 30 ಸೆಂ.ಮೀ. ಎತ್ತರದ, 4 ಕೆಜಿ ಆಸುಪಾಸಿನ ಟ್ರೋಫಿ ಸಿದ್ಧವಾಗುತ್ತದೆ. 5 ಕೆಜಿ ದಾಟಿದರೆ ಪೋಡಿಯಂ ಮೇಲೆ ಒಂದೇ ಕೈಯಲ್ಲಿ ಎತ್ತುವುದು ಕಷ್ಟ.

ರಾಡ್ ಆರಿಸುವಾಗ ಅವಸರ ಬೇಡ. ಸಣ್ಣ ಲಾರಿ ಅಥವಾ ಜೀಪಿನ ಡೀಸೆಲ್ ಎಂಜಿನ್ನಿನದು, ಎರಡು ಕಣ್ಣುಗಳ ನಡುವೆ 18–22 ಸೆಂ.ಮೀ. ಇದ್ದರೆ ಸರಿ. ರಾಡಿನ ದೊಡ್ಡ ಕಣ್ಣಿನ ತುದಿ, ಅಂದರೆ ಬಿಗ್ ಎಂಡ್‌ನ ಕ್ಯಾಪ್ ಬಿಚ್ಚಿ ನೋಡಿ. ಸೀಳಿನ ಮುಖ ರಾಡಿಗೆ ಅಡ್ಡಡ್ಡವಾಗಿ, ಸಮತಟ್ಟಾಗಿ ಇರಬೇಕು. ಆಗ ಅದು ಪೀಠದ ಮೇಲೆ ಕಮಾನಿನಂತೆ ನೆಟ್ಟಗೆ ನಿಲ್ಲುತ್ತದೆ. ಎಷ್ಟೋ ಡೀಸೆಲ್ ರಾಡುಗಳಲ್ಲಿ ಈ ಸೀಳು ಓರೆಯಾಗಿರುತ್ತದೆ, ಅಂಥದ್ದು ಬೇಡ. ಹೊಸ ಕಾರುಗಳ ರಾಡನ್ನು ಕಾರ್ಖಾನೆಯಲ್ಲೇ ಬಿರುಕು ಬಿಡಿಸಿ ಒಡೆದಿರುತ್ತಾರೆ; ಆ ಮುಖ ಒರಟಾಗಿರುವುದರಿಂದ ಕೆಳಗೆ 2 ಮಿ.ಮೀ. ರಬ್ಬರ್ ಶೀಟ್ ಇಡಬೇಕಾಗುತ್ತದೆ. ಬೋಲ್ಟಿನ ಮರೆ (ಥ್ರೆಡ್) ರಾಡಿನಲ್ಲೇ ಇರುವುದನ್ನು ಆರಿಸಿ, ನಟ್ಟು ಹಾಕುವ ಬಗೆಯದು ಇಲ್ಲಿ ಒದಗದು. ಪಿಸ್ಟನ್ನೂ ಅದೇ ಎಂಜಿನ್ನಿನದಾಗಿರಲಿ. ಪಿನ್ ಅಳತೆ ಬೇರೆಯಾದರೆ ಲೇಥ್‌ನಲ್ಲಿ ಬುಷ್ ಮಾಡಿಸುವ ಖರ್ಚು ಸೇರುತ್ತದೆ. ಎಂಜಿನ್ ರೀಬೋರ್ ಮಾಡುವ ಅಂಗಡಿಗಳಲ್ಲಿ ತೆಗೆದುಹಾಕಿದ ಜೋಡಿ ಸಿಗುತ್ತದೆ. ಬೆಂಗಳೂರಿನವರಾದರೆ ಶಿವಾಜಿನಗರದ ಗುಜರಿಯಲ್ಲೂ ಹುಡುಕಬಹುದು.

ತೊಳೆಯುವಾಗ ಎರಡನ್ನೂ ಬೇರೆ ಮಾಡಿ. ಪಿಸ್ಟನ್ ಅಲ್ಯೂಮಿನಿಯಂ, ಕಾಸ್ಟಿಕ್ ಸೋಡಾ ನೀರಿಗೆ ಹಾಕಿದರೆ ನೊರೆಯೆದ್ದು ಮೈಯೆಲ್ಲ ಕೊರೆದುಹೋಗುತ್ತದೆ. ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದರೆ ಸಾಕು. ತಲೆಯ ಮೇಲಿನ ಮಸಿಯನ್ನು ಪೂರ್ತಿ ಕೆರೆಯಬೇಡಿ, ಪಕ್ಕದ ಉದ್ದುದ್ದ ಗೀರುಗಳನ್ನೂ ಪಾಲಿಶ್ ಮಾಡಿಸಬೇಡಿ. ಅದು ನಿಜವಾಗಿ ಓಡಿದ ಎಂಜಿನ್ನಿನ ಗುರುತು, ಕ್ರೋಮ್ ಹಾಕಿಸಿದರೆ ಅಷ್ಟೂ ಮುಚ್ಚಿಹೋಗುತ್ತದೆ. ರಿಂಗುಗಳು ಹೊರಕ್ಕೆ ಚಿಮ್ಮಿಕೊಂಡು ಕೈ ಕುಯ್ಯುತ್ತವೆ. ಗಾಡಿಯ ಕೆಲಸಕ್ಕೆ ಬಳಸುವ ರಿಂಗ್ ಕಂಪ್ರೆಸರಿನಿಂದ ಒತ್ತಿ ಹಿಡಿದು, ಸಂದಿಗೆ ಅರಾಲ್ಡೈಟ್ ಅಂಟು ತುಂಬಿ 24 ಗಂಟೆ ಬಿಡಿ. ರಾಡ್ ಉಕ್ಕಿನದು. ವೈರ್ ಬ್ರಷ್ ಹೊಡೆದು, 400ರ ಎಮರಿ ಪೇಪರ್ ತಿಕ್ಕಿ, ಥಿನ್ನರ್‌ನಲ್ಲಿ ಒರೆಸಿ, ಎರಡು ಕೋಟ್ 2ಕೆ (ಹಾರ್ಡ್‌ನರ್ ಬೆರೆಸುವ ಬಗೆಯ) ಕ್ಲಿಯರ್ ಲ್ಯಾಕರ್ ಹೊಡೆಸಿ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಬೆರಳಚ್ಚು ಲ್ಯಾಕರ್ ಒಳಗೇ ತುಕ್ಕಾಗಿ ಮೂಡುತ್ತದೆ, ಕರಾವಳಿಯಲ್ಲಂತೂ ಒಂದೇ ಮಳೆಗಾಲ ಸಾಕು.

ಪೀಠಕ್ಕೆ 200×200×40 ಮಿ.ಮೀ. ತೇಗ ಅಥವಾ ಬೀಟೆ. ಹಳೆಯ ಮಂಚ, ಬಾಗಿಲುಗಳ ಮರವಾದರೆ ಚೆನ್ನಾಗಿ ಒಣಗಿರುತ್ತದೆ, ಸೀಳು ಬಿಡುವುದಿಲ್ಲ. ಅಡಿಯಲ್ಲಿ ಮುಂಭಾಗಕ್ಕೆ 190×110×6 ಮಿ.ಮೀ. ಉಕ್ಕಿನ ತಗಡು ಕೂರುವಷ್ಟು ತೋಡಿಸಿ. ಸುಮಾರು 1 ಕೆಜಿಯ ಈ ತಗಡೇ ಟ್ರೋಫಿ ಮಗುಚದಂತೆ ತಡೆಯುವುದು, ಬೋಲ್ಟು ಮರವನ್ನು ಅಮುಕದಂತೆ ಕಾಯುವುದು. ಹಿಂಭಾಗದಲ್ಲಿ 120×60 ಮಿ.ಮೀ. ಅಗಲಕ್ಕೆ, 25 ಮಿ.ಮೀ. ಆಳದ ಗುಳಿ ವೈರಿಂಗಿಗೆ. ಕಮಾನಿನ ಕೆಳಗೆ ಒಂದು 6 ಮಿ.ಮೀ. ತೂತು, ಅಲ್ಲಿಂದ ಗುಳಿಯವರೆಗೆ ಕಾಲುವೆ. ಇದನ್ನು ತಗಡು ಕೂರಿಸುವ ಮೊದಲೇ ಕೊರೆಯಿರಿ.

ಬೋಲ್ಟಿನಲ್ಲಿ ಬಹಳ ಜನ ಎಡವುತ್ತಾರೆ. ಎಂಜಿನ್ ಬೋಲ್ಟುಗಳದು ಸಾಮಾನ್ಯವಾಗಿ ಸಣ್ಣ ಮರೆ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹಳೆಯ ಬೋಲ್ಟನ್ನೇ ಸ್ಯಾಂಪಲ್‌ಗೆ ಒಯ್ಯಿರಿ. 10 ಮಿ.ಮೀ. ದಪ್ಪದ್ದಾದರೆ ಉದ್ದ 60 ಮಿ.ಮೀ. ಬೇಕು: ತಗಡಿಗೆ 6, ಮರಕ್ಕೆ 34, ಸ್ಪ್ರಿಂಗ್ ವಾಷರ್ ಕಳೆದು ರಾಡಿನೊಳಗೆ 17 ಉಳಿಯುತ್ತದೆ. ಆ ಉದ್ದ ಸಿಗದಿದ್ದರೆ ಲೇಥ್‌ನಲ್ಲಿ ಸ್ಟಡ್ ಮಾಡಿಸಿ. ಹೊರಚಾಚುವ ತಲೆಗಳು ನೆಲಕ್ಕೆ ತಾಗದಂತೆ ನಾಲ್ಕು ಮೂಲೆಗೆ 12 ಮಿ.ಮೀ. ರಬ್ಬರ್ ಕಾಲು.

ಪಿಸ್ಟನ್ ಪಿನ್ನು, ಸರ್ಕ್ಲಿಪ್ ಹಾಕಿದ ಮೇಲೂ ಪಿಸ್ಟನ್ ಆಚೀಚೆ ವಾಲುತ್ತದೆ. ತಲೆಯ ಮೇಲೆ ರಸಮಟ್ಟ ಇಟ್ಟು, ಪಕ್ಕಕ್ಕೆ ಚಕ್ಕೆ ಕೊಟ್ಟು ನಿಲ್ಲಿಸಿ, ಒಳಗಿನಿಂದ ಪಿನ್ನಿನ ಸುತ್ತ ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ತುಂಬಿ. ಬೇಗ ಗಟ್ಟಿಯಾಗುವ ಬಗೆಯದು ಎಣ್ಣೆಯ ಪಸೆಯಿದ್ದರೆ ಆಮೇಲೆ ಬಿಟ್ಟುಕೊಳ್ಳುತ್ತದೆ.

ಇನ್ನು ದೀಪ. ರಾಡಿನ ನಡುವೆ ಉದ್ದಕ್ಕೂ ಒಂದು ಕಾಲುವೆ ಇರುತ್ತದಲ್ಲ, ಅದರ ಅಳತೆಗೆ 3 ಮಿ.ಮೀ. ಕಪ್ಪು ಅಕ್ರಿಲಿಕ್ ಪಟ್ಟಿ ಕತ್ತರಿಸಿ, 14 ಮಿ.ಮೀ.ಗೊಂದರಂತೆ ಏಳು ತೂತು ಹಾಕಿ, 5 ಮಿ.ಮೀ. ಎಲ್‌ಇಡಿ ಕೂರಿಸಿ. ಮೇಲಿನಿಂದ ಪ್ರೀ-ಸ್ಟೇಜ್, ಸ್ಟೇಜ್ (ಗಾಡಿ ಗೆರೆಯ ಹತ್ತಿರ ಬಂದದ್ದನ್ನು, ಗೆರೆಗೆ ಸರಿಯಾಗಿ ನಿಂತದ್ದನ್ನು ತೋರಿಸುವ ದೀಪಗಳು, ಇಲ್ಲಿ ಎರಡೂ ಬಿಳಿ), ಮೂರು ಹಳದಿ, ಹಸಿರು, ಕೆಂಪು. 1963ರಿಂದ ಬಳಕೆಯಲ್ಲಿರುವ ಸ್ಟಾರ್ಟಿಂಗ್ ದೀಪಗಳ ಕಂಬ ‘ಕ್ರಿಸ್‌ಮಸ್ ಟ್ರೀ’ಯ ಒಂದು ಲೇನು ಇದು, ಗೆದ್ದವರ ಲೇನು. ಗುಳಿಯಲ್ಲಿ ದೀಪಗಳನ್ನು ನಡೆಸುವ ಪುಟ್ಟ ಬೋರ್ಡ್ ಆರ್ಡುವಿನೋ ನ್ಯಾನೋ, ಮೂರು ಎಎ ಸೆಲ್ಲು, ಒಂದು ಆನ್-ಆಫ್ ಸ್ವಿಚ್ಚು, ದೀಪಗಳ ಸರದಿ ಶುರುಮಾಡಲು ಒಂದು ಬಟನ್. ಹಳದಿಗೆ 220 ಓಮ್, ಬಿಳಿ, ಹಸಿರಿಗೆ 100 ಓಮ್ ರೆಸಿಸ್ಟರ್. ಸೆಲ್ಲಿನ 4.5 ವೋಲ್ಟನ್ನು 5ವಿ ಪಿನ್ನಿಗೆ ಕೊಡಿ. ವಿಐಎನ್‌ಗೆ ಕೊಟ್ಟರೆ ಒಳಗಿನ ರೆಗ್ಯುಲೇಟರ್ ಒಂದು ವೋಲ್ಟಿಗೂ ಹೆಚ್ಚು ನುಂಗಿ ಬೋರ್ಡ್ ತಡವರಿಸುತ್ತದೆ. ರಾಡ್ ಲೋಹವಾದ್ದರಿಂದ ಪ್ರತಿ ಬೆಸುಗೆಗೂ ಸ್ಲೀವ್ ಹಾಕಿ.

ದೀಪ ಹೊತ್ತುವ ಸಮಯದಲ್ಲಿ ರಾಜಿ ಬೇಡ. ಸ್ಪೋರ್ಟ್ಸ್‌ಮನ್ (ಹವ್ಯಾಸಿಗಳ) ಕ್ಲಾಸಿನ ಟ್ರೋಫಿಯಾದರೆ ಸಾಮಾನ್ಯವಾಗಿ ಹಳದಿಗಳು ಒಂದೊಂದಾಗಿ 0.5 ಸೆಕೆಂಡ್ ಅಂತರದಲ್ಲಿ, ಕೊನೆಯದಾದ 0.5 ಸೆಕೆಂಡಿಗೆ ಹಸಿರು. ಮುಖ್ಯವಾಗಿ ವೃತ್ತಿಪರ ಕ್ಲಾಸುಗಳ ಪ್ರೋ ಟ್ರೀ ಆದರೆ ಮೂರೂ ಹಳದಿ ಒಟ್ಟಿಗೆ, 0.4 ಸೆಕೆಂಡಿಗೆ ಹಸಿರು. ಆ ದೀಪ ನೋಡಿಯೇ ಬದುಕುವ ರೇಸರ್‌ಗೆ 0.1 ಸೆಕೆಂಡಿನ ವ್ಯತ್ಯಾಸವೂ ಗೊತ್ತಾಗುತ್ತದೆ. ಹಸಿರಿಗೆ ಮೊದಲೇ ಹೊರಟರೆ ಹೊತ್ತುವ ಕೆಂಪಿಗೆ ವೈರ್ ಕೊಡಬೇಡಿ, ಚಾಂಪಿಯನ್‌ನ ಲೇನಿನಲ್ಲಿ ಅದು ಹೊತ್ತುವುದು ಬೇಡ.

ಹೆಸರಿನ ಫಲಕ 140×30 ಮಿ.ಮೀ., 1.5 ಮಿ.ಮೀ. ಹಿತ್ತಾಳೆ. ಕನ್ನಡದಲ್ಲಿ ಕೆತ್ತಿಸುವುದಾದರೆ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಪಿಡಿಎಫ್ ಕಳಿಸಿ. ಬರೀ ನುಡಿ ತಂತ್ರಾಂಶದ ಫೈಲ್ ಕಳಿಸಿದರೆ ಆ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅದೇ ಕೆತ್ತನೆಯಾಗಿ ಬರುತ್ತದೆ. ಚಾಂಪಿಯನ್‌ಷಿಪ್ ಎಷ್ಟೋ ಸಲ ಕೊನೆಯ ಸುತ್ತಿನವರೆಗೂ ತೀರ್ಮಾನವಾಗುವುದಿಲ್ಲ, ಆದ್ದರಿಂದ ಫಲಕವನ್ನು ಅಂಟಿಸದೆ ಎರಡು 3 ಮಿ.ಮೀ. ಸ್ಕ್ರೂಗಳಿಂದ ಕೂರಿಸಿ. ಕ್ಲಾಸು, ವರ್ಷ ಮೊದಲೇ ಇರಲಿ. ಹೆಸರು, ಮೂರು ದಶಾಂಶದ ಇ.ಟಿ. (ಓಟಕ್ಕೆ ಹಿಡಿದ ಸಮಯ) ಆಮೇಲೆ ಕೆತ್ತಿಸಬಹುದು.

ಕೊಡುವ ಮುನ್ನ ಪೀಠದ ಒಂದು ಅಂಚನ್ನು 7 ಸೆಂ.ಮೀ. ಎತ್ತಿ ಬಿಡಿ. ಟ್ರೋಫಿ ಮಗುಚದೆ ತಾನಾಗಿ ಹಿಂದಕ್ಕೆ ಬಂದು ಕೂರಬೇಕು. ಸಾಗಿಸುವಾಗ ಸೆಲ್ಲು ತೆಗೆದು, ಪೆಟ್ಟಿಗೆಯಲ್ಲಿ ನಿಲ್ಲಿಸಿಯೇ ಒಯ್ಯಿರಿ; ಮಲಗಿಸಿದರೆ ಪಿಸ್ಟನ್ನಿನ ಭಾರವೆಲ್ಲ ಆ ಎರಡು ಬೋಲ್ಟಿನ ಮೇಲೆ ಬೀಳುತ್ತದೆ.