ಸಂತೆಯಲ್ಲಿ ಬಂದ ಲೆಕ್ಕ ಪೇಪರಿನಲ್ಲಿ ಯಾಕೆ ಬರಲಿಲ್ಲ?

ಆರನೇ ತರಗತಿಗೆ ಗಣಿತ ಹೇಳಿಕೊಡುವವರಿಗೆಲ್ಲ ಈ ಉತ್ತರ ಗೊತ್ತಿರುತ್ತದೆ: 3/4 + 1/2 = 4/6. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ನಾವು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ ಮುಂದಿನ ಪೇಪರ್ ಎಳೆದುಕೊಳ್ಳುತ್ತೇವೆ.

ಹೀಗೆ ಬರೆದ ಹುಡುಗನೊಬ್ಬ ನಮ್ಮ ಮಕ್ಕಳ ಸಂತೆಯಲ್ಲಿ ಈರುಳ್ಳಿ ಅಂಗಡಿ ಇಟ್ಟಿದ್ದ. "ನನಗೆ ಮುಕ್ಕಾಲು ಕೆಜಿ, ಪಕ್ಕದ ಮನೆಯವರಿಗೆ ಅರ್ಧ ಕೆಜಿ. ಒಟ್ಟು ಎಷ್ಟಾಯ್ತಪ್ಪಾ?" ಅಂದೆ. "ಒಂದೂಕಾಲು ಸಾರ್" ಅಂದ. ತಕ್ಕಡಿ ಬಿಟ್ಟು ತಲೆ ಕೂಡ ಎತ್ತಲಿಲ್ಲ.

ಸಂತೆ ಎಂದರೆ ಸಾಮಾನ್ಯವಾಗಿ ಒಂದು ದಿನದ ಗಮ್ಮತ್ತು, ಗ್ರೂಪಿಗೆ ನಾಲ್ಕು ಫೋಟೋ. ನಾನು ಅದನ್ನೇ ಎಫ್‌ಎ (ಕಲಿಕೆಯ ನಡುವೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಮಾಡಿಕೊಂಡೆ. ಎಲ್ಲ ಮಕ್ಕಳನ್ನೂ ಒಂದೇ ದಿನ ಗಮನಿಸಲು ಆಗುವುದಿಲ್ಲ. ಕೆಲವು ಅಂಗಡಿಗಳನ್ನು ಮಾತ್ರ ನೋಡಿದೆ. ಉಳಿದವರಿಗೆ ಆಮೇಲೆ ತರಗತಿಯಲ್ಲೇ ತಕ್ಕಡಿ ಇಟ್ಟೆ. ನೋಟ್‌ಬುಕ್ಕಿನಲ್ಲಿ "ಚೆನ್ನಾಗಿ ಭಾಗವಹಿಸಿದ್ದಾನೆ" ಎಂದು ಬರೆಯುವುದನ್ನು ಬಿಟ್ಟೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಏನು ಕೇಳಿದೆ, ಮಗು ಏನು ಹೇಳಿತು, ತೂಕದ ಯಾವ ಬಟ್ಟು ಎತ್ತಿಟ್ಟಿತು, ಅಷ್ಟೇ ಬರೆದೆ.

ಇದರ ಉಲ್ಟಾ ಕೂಡ ಸಿಕ್ಕಿತು. ಒಬ್ಬ ಹುಡುಗಿ ಅದೇ ಲೆಕ್ಕಕ್ಕೆ ಪೇಪರಿನಲ್ಲಿ 5/4 ಎಂದು ಮುತ್ತಿನಂಥ ಅಕ್ಷರದಲ್ಲಿ ಸರಿಯಾಗಿ ಬರೆದಿದ್ದಳು. "5/4 ಕೆಜಿ ತೂಗು" ಎಂದರೆ ಯಾವ ಬಟ್ಟು ಎತ್ತಬೇಕೆಂದೇ ತೋಚಲಿಲ್ಲ. ಅದು ಒಂದು ಕೆಜಿಗಿಂತ ಜಾಸ್ತಿಯೋ ಕಮ್ಮಿಯೋ ಎಂಬ ಅಂದಾಜೇ ಅವಳಿಗಿರಲಿಲ್ಲ. ಬರೀ ಪೇಪರ್ ನೋಡಿದ್ದರೆ ಅವಳಿಗೆ ಪೂರ್ತಿ ಅಂಕ, ಬರೀ ಸಂತೆ ನೋಡಿದ್ದರೆ ಈರುಳ್ಳಿ ಹುಡುಗನಿಗೆ.

ಅಲ್ಲಿಂದ ಪ್ರಶ್ನೆಪತ್ರಿಕೆಯನ್ನೇ ಸ್ವಲ್ಪ ಬದಲಿಸಿದೆ. ಕೂಡುವ ಮೊದಲು ಒಂದು ಸಾಲು: "ಉತ್ತರ 1ಕ್ಕಿಂತ ಜಾಸ್ತಿ ಬರುತ್ತದೋ, ಕಮ್ಮಿಯೋ? ಯಾಕೆ?" ಪೇಪರ್ ವಾಪಸ್ ಕೊಡುವಾಗ ತಪ್ಪಾದವರನ್ನು ಕೂರಿಸಿಕೊಂಡು ಮಾತಾಡಿಸುತ್ತೇನೆ. ಈರುಳ್ಳಿ ಹುಡುಗನಿಗೆ 12 ಚೌಕದ ಮನೆಗಳಿರುವ ಒಂದು ಪಟ್ಟಿ ಬರೆದುಕೊಟ್ಟೆ, ಪೂರ್ತಿ ಪಟ್ಟಿ ಎಂದರೆ ಒಂದು ಕೆಜಿ. ಮುಕ್ಕಾಲಿಗೆ 9 ಮನೆ ಬಣ್ಣ ಹಚ್ಚಿದ. ಅವನ 4/6ಕ್ಕೆ ಬಂದದ್ದು 8 ಮನೆ. ಎರಡನ್ನೂ ನೋಡಿ, "ಅರ್ಧ ಕೆಜಿ ಹಾಕಿದ್ಮೇಲೆ ಕಮ್ಮಿ ಆಗೋಯ್ತಲ್ಲ ಸಾರ್!" ಎಂದು ನಕ್ಕ. ಛೇದ ಸಮ ಮಾಡುವುದನ್ನು ಆಮೇಲೆ ಹೇಳಿಕೊಟ್ಟೆ. ಈ ಸಲ ಯಾಕೆ ಮಾಡಬೇಕೆಂದು ಅವನಿಗೆ ಗೊತ್ತಿತ್ತು.

ಹಾಗಂತ ಟೆಸ್ಟ್ ಬೇಡ ಎನ್ನುವವನು ನಾನಲ್ಲ. ಗುಂಪು ಚಟುವಟಿಕೆಯಲ್ಲಿ ಒಬ್ಬ ಮಾಡುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ. ಮಾತುಗಾರ ಮಕ್ಕಳಿಗೆ ಅಂಕ ತಾನಾಗಿಯೇ ಜಾಸ್ತಿ ಬೀಳುತ್ತದೆ. ಒಂದು ಮಾತು ನಮ್ಮ ನಮ್ಮಲ್ಲೇ ಇರಲಿ: ಚಟುವಟಿಕೆಯ ಅಂಕ ಎಂದರೆ ಎಷ್ಟೋ ಕಡೆ ಎಲ್ಲರಿಗೂ ಹೆಚ್ಚುಕಮ್ಮಿ ಪೂರ್ತಿ ಅಂಕವೇ, ಅಲ್ವಾ? ಅಂಥ ಅಂಕಕ್ಕಿಂತ ಟೆಸ್ಟೇ ಮೇಲು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಆಂತರಿಕ ಅಂಕ 20, ಲಿಖಿತ ಪರೀಕ್ಷೆ 80. ಬರೆದು ತೋರಿಸುವ ರೂಢಿ ಈಗಲೇ ಆಗಬೇಕು.

ಮಾತು ಕಮ್ಮಿ ಇರುವ ಮಕ್ಕಳನ್ನು ಎಲ್ಲರೆದುರು ಕೇಳುವುದಿಲ್ಲ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕರೆದು, ಬಟ್ಟು ಕೈಗೆ ಕೊಟ್ಟು ಸುಮ್ನೆ ನೋಡುತ್ತೇನೆ.

ಮಗುವಿನ ಕೆಲಸಗಳನ್ನೆಲ್ಲ ಕೂಡಿಡುವ ಕೃತಿ ಸಂಪುಟದಲ್ಲಿ ಟೆಸ್ಟ್ ಪೇಪರಿಗೆ ನನ್ನ ಟಿಪ್ಪಣಿಯನ್ನೂ ಪಿನ್ ಮಾಡಿಡುತ್ತೇನೆ. ದಾಖಲೆಯಲ್ಲಿ ಎರಡೂ ಕೂಡಿ ಒಂದೇ ಗ್ರೇಡ್ ಆಗುತ್ತದೆ, ಅದು ನಿಯಮ. ಪೋಷಕರ ಸಭೆಯಲ್ಲಿ ಮಾತ್ರ ಎರಡನ್ನೂ ಬಿಡಿಬಿಡಿಯಾಗಿ ತೋರಿಸುತ್ತೇನೆ. "ಮಾರ್ಕ್ಸ್ ಎಷ್ಟು?" ಎಂಬ ಪ್ರಶ್ನೆ ಆಗಲೂ ಬರುತ್ತದೆ, ಬರಲಿ ಬಿಡಿ.

ದತ್ತಾಂಶ ಪಾಠಕ್ಕೆ ಕರೆಂಟ್ ಬಿಲ್ ತರಲು ಹೇಳಿದ್ದೇನೆ. ಗೃಹಜ್ಯೋತಿ ಬಂದ ಮೇಲೆ ತುಂಬಾ ಮನೆಗಳಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. ಆದರೆ ಯೂನಿಟ್ ಇರುತ್ತದಲ್ಲ? ಈಗಿನ ರೀಡಿಂಗ್‌ನಿಂದ ಹಿಂದಿನ ರೀಡಿಂಗ್ ಕಳೆದು, ತಿಂಗಳುಗಳ ಸ್ತಂಭಾಲೇಖ ಬರೆಯಬೇಕು. ಬೇಸಿಗೆಯ ಸ್ತಂಭ ಯಾಕೆ ಎತ್ತರ ಎಂದು ಬಾಯಲ್ಲಿ ಹೇಳಬೇಕು. ಟೆಸ್ಟಿನಲ್ಲಿ ಬೇರೆ ಮನೆಯ ಬಿಲ್ಲು ಕೊಡುತ್ತೇನೆ.