1914ರ ಜನಸಂಖ್ಯೆಯ ಪಟ್ಟಿ ಮಾಡುವುದು ಹೇಗೆ: ಮೊದಲು ಗಡಿ, ಆಮೇಲೆ ಸಂಖ್ಯೆ

ಮೊದಲ ಮಹಾಯುದ್ಧದ ಮುಂಚೆ ಆಸ್ಟ್ರಿಯಾದಲ್ಲಿ ಎಷ್ಟು ಜನ ಇದ್ದರು? ಈ ಪಟ್ಟಿ ಮಾಡಲು ಮೊದಲ ಸಲ ಕೂತಾಗ ನನಗೆ ಮೂರು ಉತ್ತರ ಸಿಕ್ಕವು. ಒಂದು ಕಡೆ 66 ಲಕ್ಷ, ಇನ್ನೊಂದು ಕಡೆ 2.86 ಕೋಟಿ, ಮತ್ತೊಂದು ಕಡೆ 5.14 ಕೋಟಿ. ಮೂರೂ 1910ರ ಎಣಿಕೆಯವೇ. ಮೂರೂ ಸರಿ. ಮೊದಲನೆಯದು ಇವತ್ತಿನ ಆಸ್ಟ್ರಿಯಾದ ಗಡಿಯೊಳಗೆ ಆಗ ಇದ್ದವರು. ಎರಡನೆಯದು ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಆಸ್ಟ್ರಿಯಾ ಅರ್ಧ. ಅದರಲ್ಲಿ ಪ್ರಾಗ್ ಇತ್ತು, ಈಗ ಉಕ್ರೇನಿಗೆ ಸೇರಿದ ಲ್ವಿವ್ ಕೂಡ ಇತ್ತು. ಮೂರನೆಯದಕ್ಕೆ ಹಂಗೇರಿ ಮತ್ತು ಬೋಸ್ನಿಯಾ ಸೇರಿವೆ.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ದೇಶದ ಹೆಸರಿನ ಪಕ್ಕದ ಕಲಮಿನಲ್ಲಿ ಸಂಖ್ಯೆ ಬರೆಯುವುದಿಲ್ಲ, ಗಡಿ ಬರೆಯುತ್ತೇನೆ. ಅದರ ಮುಂದೆ ಎಣಿಕೆಯ ತಾರೀಖು. ಆಮೇಲೆ ಅದು ಮನೆಮನೆಗೆ ಹೋಗಿ ಎಣಿಸಿದ್ದೋ ಅಂದಾಜೋ ಎಂಬುದು. ಸಂಖ್ಯೆ ಕೊನೆಗೆ. ನೀವೂ ಹೀಗೇ ಶುರು ಮಾಡಿ.

ಗಡಿಯ ಕಲಮು ಯಾಕೆ ಇಷ್ಟು ಮುಖ್ಯ ಎಂದು ತಿಳಿಯಲು ಸರ್ಬಿಯಾ ನೋಡಿ. 1910ರ ಜನಗಣತಿಯಲ್ಲಿ ಅಲ್ಲಿದ್ದವರು 29 ಲಕ್ಷ. 1912–13ರ ಬಾಲ್ಕನ್ ಯುದ್ಧಗಳಲ್ಲಿ ಸರ್ಬಿಯಾ ದಕ್ಷಿಣಕ್ಕೆ ಬೆಳೆಯಿತು. 1914ರಲ್ಲಿ ಅದರ ಜನಸಂಖ್ಯೆ ಹೆಚ್ಚುಕಡಿಮೆ 45 ಲಕ್ಷ. ಯುದ್ಧದಲ್ಲಿ ನೂರಕ್ಕೆ ಎಷ್ಟು ಜನ ಸತ್ತರು ಎಂದು ಲೆಕ್ಕ ಹಾಕುವಾಗ 29ರಿಂದ ಭಾಗಿಸುತ್ತೀರೋ 45ರಿಂದ ಭಾಗಿಸುತ್ತೀರೋ ಎಂಬುದರ ಮೇಲೆ ಉತ್ತರ ಒಂದೂವರೆ ಪಟ್ಟು ಬದಲಾಗುತ್ತದೆ. ನಾನು ಈ ಪಟ್ಟಿ ಶುರು ಮಾಡಿದ್ದೇ ಅದಕ್ಕಾಗಿ. ಸತ್ತವರ ಸಂಖ್ಯೆ ಎಲ್ಲ ಕಡೆ ಸಿಗುತ್ತದೆ. ಎಷ್ಟು ಜನರ ನಡುವಿಂದ ಅವರು ಹೋದರು ಎಂಬುದು ಗೊತ್ತಿಲ್ಲದಿದ್ದರೆ ಆ ಊರುಗಳಲ್ಲಿ ಏನಾಯಿತು ಎಂದು ಅರ್ಥವೇ ಆಗುವುದಿಲ್ಲ.

ಗ್ರೀಸ್ ಕೂಡ ಹಾಗೆಯೇ ಬೆಳೆದಿತ್ತು. 1907ರಲ್ಲಿ 26 ಲಕ್ಷ ಇದ್ದದ್ದು 1913ರ ಹೊತ್ತಿಗೆ 47 ಲಕ್ಷದ ಆಸುಪಾಸು. ಹಾಗಾಗಿ ಬಾಲ್ಕನ್ ದೇಶಗಳಿಗೆ 1913ಕ್ಕಿಂತ ಹಿಂದಿನ ಸಂಖ್ಯೆಯನ್ನು ಹಾಗೇ ಇಳಿಸಿಕೊಳ್ಳಬೇಡಿ.

ಈಗಿನ ಡೇಟಾಬೇಸ್‌ಗಳಿಂದ ತೆಗೆಯುವಾಗಲೂ ಎಚ್ಚರ ಬೇಕು. ಹಲವು ಡೇಟಾಬೇಸ್‌ಗಳು ಹಳೆಯ ಕಾಲಕ್ಕೂ ಇವತ್ತಿನ ಗಡಿಯನ್ನೇ ಹಾಕುತ್ತವೆ. ಫ್ರಾನ್ಸಿಗೆ 4.14 ಕೋಟಿ ಎಂದು ಕಂಡರೆ ಅದರಲ್ಲಿ ಅಲ್ಸಾಸ್-ಲೊರೇನ್ ಸೇರಿದೆ ಎಂದು ತಿಳಿಯಿರಿ. ಆಗ ಅದು ಜರ್ಮನಿಯದು, ಅಲ್ಲಿದ್ದವರು 18.7 ಲಕ್ಷ. 1911ರ ಫ್ರಾನ್ಸಿನ ಸ್ವಂತ ಜನಗಣತಿ ಹೇಳುವುದು 3.96 ಕೋಟಿ. ಜರ್ಮನಿಯದನ್ನು ಹಳೆಯ ಗಡಿಯಲ್ಲಿ, ಫ್ರಾನ್ಸಿನದನ್ನು ಹೊಸ ಗಡಿಯಲ್ಲಿ ಬರೆದರೆ ಆ 18.7 ಲಕ್ಷ ಜನ ಎರಡು ಸಲ ಎಣಿಕೆಯಾಗುತ್ತಾರೆ.

ಗಡಿ ಆಯಿತು, ಇನ್ನು ತಾರೀಖು. ಒಂದು ದಿನ ಆರಿಸಿಕೊಳ್ಳಿ. ನಾನು 1914ರ ಜುಲೈ 1 ಇಟ್ಟುಕೊಂಡಿದ್ದೇನೆ, ಯುದ್ಧ ಘೋಷಣೆಗೆ ನಾಲ್ಕು ವಾರ ಮೊದಲು. ಆ ದಿನ ಯಾರೂ ಜನರನ್ನು ಎಣಿಸಿರಲಿಲ್ಲ. ಆದ್ದರಿಂದ ಹಿಂದಿನ ಎರಡು ಜನಗಣತಿ ಹಿಡಿದು ಮುಂದಕ್ಕೆ ಎಳೆಯಬೇಕು. ಜರ್ಮನಿಯ ಲೆಕ್ಕ ಮಾಡಿ ತೋರಿಸುತ್ತೇನೆ. 1905ರ ಡಿಸೆಂಬರ್ 1ರಂದು 6.064 ಕೋಟಿ, 1910ರ ಡಿಸೆಂಬರ್ 1ರಂದು 6.493 ಕೋಟಿ. ಐದು ವರ್ಷಕ್ಕೆ ಶೇ. 7ರಷ್ಟು ಏರಿಕೆ, ಅಂದರೆ ವರ್ಷಕ್ಕೆ ಶೇ. 1.38ರ ಹತ್ತಿರ. ಅಲ್ಲಿಂದ 1914ರ ಜುಲೈಗೆ ಮೂರು ವರ್ಷ ಏಳು ತಿಂಗಳು. ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕಿದರೆ 6.82 ಕೋಟಿ ಬರುತ್ತದೆ. ಜರ್ಮನಿಯ ಅಂದಾಜು 6.78 ಕೋಟಿ. ಅಲ್ಲಿ ಹುಟ್ಟುವವರ ಪ್ರಮಾಣ ಇಳಿಯುತ್ತಿದ್ದ ಕಾರಣ ನಮ್ಮ ಲೆಕ್ಕ ಸ್ವಲ್ಪ ಜಾಸ್ತಿ ಬಂತು. ನಾಲ್ಕು ಲಕ್ಷದ ಈ ವ್ಯತ್ಯಾಸ ಇಂಥ ಪಟ್ಟಿಗೆ ನಡೆಯುತ್ತದೆ. ಆದರೆ ದೇಶದ ಸ್ವಂತ ಅಂದಾಜು ಸಿಕ್ಕರೆ ಅದನ್ನೇ ಬರೆಯಿರಿ.

ಈ ಗುಣಾಕಾರ ಮಾಡುವಾಗ ನನಗೆ ಕಂಡ ಒಂದು ಸಂಗತಿ ಹೇಳಲೇಬೇಕು. ಸಂಸ್ಥಾನಗಳೂ ಸೇರಿದ ಇಂಡಿಯಾ 1901ರಲ್ಲಿ 29.44 ಕೋಟಿ, 1911ರಲ್ಲಿ 31.52 ಕೋಟಿ. ಅದೂ ಶೇ. 7. ಆದರೆ ಹತ್ತು ವರ್ಷಕ್ಕೆ! ಭಾರತದಲ್ಲಿ ಹುಟ್ಟುವವರು ಜರ್ಮನಿಗಿಂತ ಜಾಸ್ತಿ ಇದ್ದರು. ಪ್ಲೇಗು ಮತ್ತು ಮಲೇರಿಯಾ ಅಷ್ಟು ಜನರನ್ನು ಒಯ್ದವು. ಆ ಎರಡು 7ಗಳನ್ನು ಪಕ್ಕಪಕ್ಕ ಬರೆದ ದಿನ ನಾನು ಮುಂದಿನ ಸಾಲಿಗೆ ಹೋಗಲಿಲ್ಲ.

ಹಳೆಯ ಪುಸ್ತಕಗಳಿಂದ ಸಂಖ್ಯೆ ಇಳಿಸಿಕೊಳ್ಳುವಾಗ ಎರಡು ಸಣ್ಣ ವಿಷಯ. ಜರ್ಮನ್ ಪುಸ್ತಕದಲ್ಲಿ ಸಾವಿರಗಳ ನಡುವೆ ಅಲ್ಪವಿರಾಮ ಇರುವುದಿಲ್ಲ, ಚುಕ್ಕಿ ಇರುತ್ತದೆ. ಅದನ್ನು ದಶಾಂಶ ಎಂದು ಓದಬೇಡಿ. ರಷ್ಯಾದ ತಾರೀಖುಗಳು ಹಳೆಯ ಪಂಚಾಂಗದವು. ಅವರ 1897ರ ಜನವರಿ 28 ಉಳಿದವರಿಗೆ ಫೆಬ್ರವರಿ 9.

ರಷ್ಯಾದ ಮಾತು ಬಂತಲ್ಲ, ಅಲ್ಲೇ ಕಷ್ಟ ಶುರುವಾಗುವುದು. ಆ ಸಾಮ್ರಾಜ್ಯ ಪೂರ್ತಿ ಜನಗಣತಿ ಮಾಡಿದ್ದು 1897ರಲ್ಲಿ, ಅದೊಂದೇ ಸಲ. ಫಿನ್ಲೆಂಡ್ ಬಿಟ್ಟು 12.56 ಕೋಟಿ. ಆಮೇಲಿನದೆಲ್ಲ ಹುಟ್ಟು ಸಾವಿನ ಲೆಕ್ಕ ಕೂಡಿಸಿ ಕಳೆದು ಬಂದದ್ದು. ಹಳ್ಳಿ ಬಿಟ್ಟು ಪಟ್ಟಣಕ್ಕೋ ಸೈಬೀರಿಯಾಕ್ಕೋ ಹೋದವರ ಹೆಸರು ಹಳ್ಳಿಯ ಲೆಕ್ಕದಲ್ಲೂ ಉಳಿಯಿತು. ಹಾಗಾಗಿ 1914ಕ್ಕೆ ಸರ್ಕಾರ ಹೇಳಿದ ಸಂಖ್ಯೆಯನ್ನು ಮುಂದೆ ಸಂಶೋಧಕರು ಇಳಿಸಿದರು. ಇಂಥ ಕಡೆ ಒಂದೇ ಸಂಖ್ಯೆ ಬರೆಯಬೇಡಿ. ನನ್ನ ಪಟ್ಟಿಯಲ್ಲಿ ರಷ್ಯಾದ ಮುಂದೆ 16.5ರಿಂದ 17.8 ಕೋಟಿ ಎಂದಿದೆ. ಚೀನಾಕ್ಕೆ ಇನ್ನೂ ಅಗಲ ಬೇಕು: 40ರಿಂದ 44 ಕೋಟಿ. ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜವಂಶದ ಸರ್ಕಾರ ಕೊನೆಯ ವರ್ಷಗಳಲ್ಲಿ ಮನೆಗಳನ್ನು ಎಣಿಸಿತು. ತಲೆ ಎಣಿಸುವ ಕೆಲಸ ಮುಗಿಯುವ ಮೊದಲೇ ಸರ್ಕಾರವೇ ಬಿತ್ತು.

ಜಪಾನಿನದು ಬೇರೆ ಥರ. ತನ್ನ ನೆಲದಲ್ಲಿ ಮೊದಲ ಆಧುನಿಕ ಜನಗಣತಿ ಮಾಡಿದ್ದು 1920ರಲ್ಲಿ. ಆದರೆ ತಾನು ಆಳುತ್ತಿದ್ದ ತೈವಾನಿನಲ್ಲಿ 1905ರಲ್ಲೇ ಮಾಡಿತ್ತು, ಅಲ್ಲಿ 30 ಲಕ್ಷ ಜನ. ಸ್ವಂತ ಜನರಿಗಿಂತ ಮೊದಲು ಆಳಿಸಿಕೊಳ್ಳುವವರನ್ನು ಎಣಿಸಿದರು, ಅಲ್ವಾ?

ಸಾಮ್ರಾಜ್ಯಗಳನ್ನು ಸುಮ್ನೆ ಒಂದು ಸಾಲಿನಲ್ಲಿ ಬರೆದು ಮುಗಿಸಬೇಡಿ. ಆಳುವ ದೇಶ ಒಂದು ಸಾಲು, ವಸಾಹತುಗಳು ಪ್ರತಿಯೊಂದೂ ಅದರ ಕೆಳಗೆ ಒಂದೊಂದು ಸಾಲು. ಬ್ರಿಟನ್ ಮತ್ತು ಐರ್ಲೆಂಡ್ ಸೇರಿ 4.52 ಕೋಟಿ. ಪೂರ್ತಿ ಸಾಮ್ರಾಜ್ಯ 40 ಕೋಟಿ ದಾಟುತ್ತದೆ. ಆ ಸಾಮ್ರಾಜ್ಯದ ನಾಲ್ವರಲ್ಲಿ ಸುಮಾರು ಮೂವರು ಇಂಡಿಯಾದವರು. ಇಂಡಿಯಾ ಎಂದರೆ ಆಗ ಬರ್ಮಾ ಸೇರಿ, ಸಿಲೋನ್ ಬಿಟ್ಟು. ಸಂಸ್ಥಾನಗಳ 7 ಕೋಟಿ ಜನ ಆ 31.52 ಕೋಟಿಯೊಳಗೇ ಇದ್ದಾರೆ. ಹೈದರಾಬಾದನ್ನು ಮತ್ತೆ ಬೇರೆಯಾಗಿ ಕೂಡಿಸಬೇಡಿ. ಡಚ್ಚರ ನಾಡಿನಲ್ಲಿ 1909ರಲ್ಲಿ 59 ಲಕ್ಷ, ಅವರ ಈಸ್ಟ್ ಇಂಡೀಸ್‌ನಲ್ಲಿ (ಈಗಿನ ಇಂಡೋನೇಷ್ಯಾ) ಅದರ ಆರೇಳು ಪಟ್ಟು.

ಎಣಿಕೆಗೇ ಸಿಗದವರೂ ಇದ್ದಾರೆ. ಬೆಲ್ಜಿಯಂನಲ್ಲಿ 1910ರ ಕೊನೆಗೆ 74 ಲಕ್ಷ ಎಂದು ಖಚಿತವಾಗಿ ಗೊತ್ತು. ಅವರ ಕಾಂಗೋಗೆ ಒಬ್ಬೊಬ್ಬರ ಅಂದಾಜು ಒಂದೊಂದು, ಒಂದಕ್ಕೊಂದು ಎರಡು ಪಟ್ಟು ವ್ಯತ್ಯಾಸ. ಆಸ್ಟ್ರೇಲಿಯಾದ 1911ರ ಜನಗಣತಿ ಹೇಳುವ 44.55 ಲಕ್ಷದಲ್ಲಿ ಆ ನೆಲದ ಮೂಲ ನಿವಾಸಿಗಳು ಇಲ್ಲ. ಅವರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಸಂವಿಧಾನದ 127ನೇ ವಿಧಿಯಲ್ಲೇ ಬರೆದಿತ್ತು. ಅದನ್ನು ತೆಗೆದುಹಾಕಿದ್ದು 1967ರಲ್ಲಿ. ಇಂಥವರಿಗೆ ಬೇರೆ ಸಾಲು ಕೊಡಿ. ಸಂಖ್ಯೆ ಇರಬೇಕಾದ ಜಾಗದಲ್ಲಿ 0 ಬರೆಯಬೇಡಿ, ಖಾಲಿಯೂ ಬಿಡಬೇಡಿ. "ಎಣಿಸಿಲ್ಲ" ಎಂದು ಬರೆಯಿರಿ.

ಕೊನೆಗೆ ಎಲ್ಲ ಕೂಡಿಸಿ ನೋಡಿ. ಇಡೀ ಜಗತ್ತು ಸುಮಾರು 180 ಕೋಟಿ ಬರಬೇಕು. ಚೀನಾ, ರಷ್ಯಾ, ಆಫ್ರಿಕಾದ ಅಂದಾಜುಗಳಿಂದ ಐದಾರು ಕೋಟಿ ಆಚೀಚೆ ಆದರೆ ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಎರಡು ಸಲ ಕೂಡಿಸಿದ್ದೀರಿ. ಮೊದಲು ಸಂಸ್ಥಾನಗಳನ್ನು ನೋಡಿ, ಆಮೇಲೆ ಹಂಗೇರಿ, ಫಿನ್ಲೆಂಡ್. ಈಜಿಪ್ಟನ್ನಂತೂ ಮರೆಯದೆ ನೋಡಿ. 1907ರಲ್ಲಿ ಅಲ್ಲಿ 1.13 ಕೋಟಿ ಜನ. ಹೆಸರಿಗೆ ಅದು ಒಟ್ಟೋಮನ್ ಸುಲ್ತಾನನದು, 1882ರಿಂದ ಸೈನ್ಯ ಬ್ರಿಟಿಷರದು. ಒಟ್ಟೋಮನ್ನರ 1914ರ ಸ್ವಂತ ಲೆಕ್ಕವಾದ 1.85 ಕೋಟಿಯಲ್ಲಿ ಈಜಿಪ್ಟ್ ಇಲ್ಲ. ಬ್ರಿಟನ್ ಅದನ್ನು ತನ್ನ ರಕ್ಷಣೆಗೆ ಸೇರಿದ್ದೆಂದು ಘೋಷಿಸಿದ್ದು 1914ರ ಡಿಸೆಂಬರ್‌ನಲ್ಲಿ, ನಮ್ಮ ಜುಲೈ ದಾಟಿದ ಮೇಲೆ. ಹಾಗಾಗಿ ನಾನು ಅದನ್ನು ಎರಡೂ ಸಾಮ್ರಾಜ್ಯದ ಕೆಳಗೆ ಹಾಕಿಲ್ಲ. ಅದಕ್ಕೆ ಅದರದೇ ಸಾಲು ಕೊಟ್ಟು, ಗಡಿಯ ಕಲಮಿನಲ್ಲಿ ಈ ಮೂರೂ ಮಾತು ಬರೆದಿಟ್ಟಿದ್ದೇನೆ.