ರೇಡ್ ಹಚ್ಚೋದು ಸಸಾರ, ಕೆಟ್ಟ ಡಿಸ್ಕ್ ಬದಲಿಸೋದೇ ಫಜೀತಿ

ಕಲಬುರಗಿದಾಗ ಯಾವ ಫೋಟೋ ಸ್ಟುಡಿಯೋಕ್ಕ ಹೋದ್ರೂ 'ರೇಡ್ ಹಾಕ್ಸೀನ್ರಿ, ಇನ್ನೇನ್ ಚಿಂತಿಲ್ಲ' ಅಂತಾರ. ರೇಡ್ ಅಂದ್ರ ಹಲವು ಡಿಸ್ಕ್ ಕೂಡಿಸಿ ಒಂದರಂಗ ನಡೆಸೋದು, ಸಾಮಾನ್ಯ ಒಂದು ಕೆಟ್ರೂ ಡೇಟಾ ಉಳೀಲಿ ಅಂತ. ಆಮ್ಯಾಲ ಮದುವಿ ಸೀಜನ್ನಿನ್ಯಾಗ ಒಂದು ಡಿಸ್ಕ್ ಕೆಟ್ರ ಗಾಬರ್ಯಾಗಿ ಛಲೋ ಇದ್ದ ಡಿಸ್ಕೇ ಕಿತ್ತಿ ಕುಂದರ್ತಾರ.

ಮೊದಲು ಇಂಟರ್‌ಫೇಸ್, ಅಂದ್ರ ಡಿಸ್ಕ್ ಬೋರ್ಡಿಗೆ ಕೂಡೋ ದಾರಿ. ವಿಂಡೋಸ್ ಮತ್ತ ಎಡಿಟಿಂಗ್‌ಗೆ ಎನ್‌ವಿಎಂಇ (ಭಾಳ ಜೋರ್ ಓಡೋ ಎಸ್‌ಎಸ್‌ಡಿ), ಕೂಡಿಡೋದಕ್ಕ ಸಾಟಾ (ಹಳೇ, ನಿಧಾನ ಇಂಟರ್‌ಫೇಸ್) ಹಾರ್ಡ್ ಡಿಸ್ಕ್, ಅಷ್ಟೇ. ಎನ್‌ವಿಎಂಇ ಕೂಡ್ಸೋ ಎಂ.2 ಸ್ಲಾಟ್ (ಬೋರ್ಡಿನ ಮ್ಯಾಲಿನ ಸಣ್ಣ ಖಾಂಚು) ನೋಡಾಕ ಒಂದೇ ಥರ ಇದ್ರೂ ಕೆಲವು ಸಾಟಾ ಅಷ್ಟೇ ತಗೋತಾವ, ಬೋರ್ಡಿನ ಮ್ಯಾನುಯಲ್ ನೋಡೇ ರೊಕ್ಕ ಕೊಡ್ರಿ. ಸೆಕೆಂಡ್ ಹ್ಯಾಂಡ್ ಸರ್ವರಿಂದು ಎಸ್‌ಎಎಸ್ ಡಿಸ್ಕ್ ಅಗ್ಗಕ್ಕ ಸಿಗ್ತದ ಅಂತ ತರಬ್ಯಾಡ್ರಿ, ಮನಿ ಪಿಸಿ ಸಾಟಾ ಪೋರ್ಟಿಗೆ ಅದು ಕೂಡಂಗಿಲ್ಲ.

ಎರಡು ಡಿಸ್ಕ್ ಇದ್ರ ರೇಡ್ 1 (ಕನ್ನಡಿಯಂಗ ಎರಡರಾಗೂ ಅದೇ ಡೇಟಾ), ನಾಲ್ಕಿದ್ರ ರೇಡ್ 10 (ಅಂಥಾ ಎರಡು ಜೋಡಿ ಕೂಡಿಸಿದ್ದು). ಮೂರು 4 ಟಿಬಿ ಹಾಕಿ ರೇಡ್ 5 (ಒಂದು ಡಿಸ್ಕಿನಷ್ಟು ಜಾಗ ರಕ್ಷಣೆಗೆ ಹೋಗ್ತದ) ಮಾಡಿದ್ರ 8 ಟಿಬಿ ಸಿಗ್ತದ ಖರೆ, ನನಗ ಮನಸಿಲ್ಲ. ರೇಡ್ 0 (ಡೇಟಾ ಹಂಚಿ ಬರೆಯೋದು, ಕಾಪಿ ಇಲ್ಲ) ಅಂತೂ ಬ್ಯಾಡೇ ಬ್ಯಾಡ, ಒಂದು ಹೋದ್ರ ಎಲ್ಲಾ ಹೋಯ್ತು. ಡಿಸ್ಕ್ ಸಿಎಂಆರ್ (ಡೇಟಾ ಸಾಲು ಬ್ಯಾರೆ ಬ್ಯಾರೆ ಬರೆಯೋದು) ಇರ್ಲಿ, ಎಸ್‌ಎಂಆರ್ (ಸಾಲಿನ ಮ್ಯಾಲ ಸಾಲು ಹೊಂದಿಸಿ ಬರೆಯೋದು) ಅಗ್ಗ ಆದ್ರೂ ರೀಬಿಲ್ಡ್‌ನ್ಯಾಗ, ಅಂದ್ರ ಹೊಸ ಡಿಸ್ಕಿಗೆ ಡೇಟಾ ಮತ್ತ ತುಂಬೋವಾಗ, ತೆವಳ್ತದ.

ಈಗ ಅಸಲಿ ಕೆಲಸ. ಹಚ್ಚೋ ದಿನಾನೇ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕಡೀ ನಾಲ್ಕು ಅಕ್ಷರ ಟೇಪಿನ ಮ್ಯಾಲ ಬರ್ದು ಕಾಣೋ ಕಡಿ ಅಂಟಸ್ರಿ. ಸಾಫ್ಟ್‌ವೇರ್ 'ಡಿಸ್ಕ್ 1 ಫೇಲ್' ಅಂದ್ರ ಅದು ಮ್ಯಾಲಿಂದೋ ಕೆಳಗಿಂದೋ ಅನ್ನೋದು ಕೇಬಲ್ ಯಾವ ಪೋರ್ಟಿಗೆ ಹಾಕೀರಿ ಅನ್ನೋದ್ರ ಮ್ಯಾಲ, ಅದಕ್ಕ ಟೇಪಿನ ಮ್ಯಾಲಿನ ಸೀರಿಯಲ್ ನಂಬರ್ ಬಿಟ್ಟು ಇನ್ನೇನೂ ನಂಬಬ್ಯಾಡ್ರಿ. ರೇಡ್ 5ನ್ಯಾಗ ಒಂದು ಕೆಟ್ಟಾಗ ಇನ್ನೊಂದು ಛಲೋದು ಎಳೆದ್ರ ಅರೇನೇ (ಕೂಡಿಸಿದ ಡಿಸ್ಕಿನ ಗುಂಪು) ನಿಂತುಬಿಡ್ತದ. ಕಿತ್ತೋಕಿಂತ ಮೊದ್ಲು ಮುಖ್ಯ ಫೋಲ್ಡರ್ ಹೊರಗಿನ ಡಿಸ್ಕಿಗೆ ಕಾಪಿ ಮಾಡ್ಕೋರಿ, ಯಾಕಂದ್ರ ರೀಬಿಲ್ಡ್ ನಡೆದಾಗ ಉಳಿದ ಡಿಸ್ಕಿಗೆ ಭಾಳ ದಣಿವು, ಅದೂ ಅವಾಗೇ ಕೈ ಕೊಡಬಹುದು. ಹಾಟ್ ಸ್ವ್ಯಾಪ್ (ಪಿಸಿ ಚಾಲೂ ಇದ್ದಾಗೇ ಡಿಸ್ಕ್ ಬದಲಿಸೋ ಸೌಲಭ್ಯ) ಇಲ್ಲಂದ್ರ ಪಿಸಿ ಬಂದ್ ಮಾಡಿ ತೆಗೀರಿ. ಹೊಸಾದು ಅಷ್ಟೇ ಸೈಜಿಂದು ಇಲ್ಲಾ ದೊಡ್ಡದು ಇರ್ಲಿ, ಒಂದ್ ಚೂರ್ ಕಮ್ಮಿ ಆದ್ರೂ ತಗೋಳಂಗಿಲ್ಲ. ರೇಡ್ ಮೆನುದಾಗ 'ರೀಬಿಲ್ಡ್' ಒತ್ರಿ, 'ಕ್ರಿಯೇಟ್', 'ಇನಿಷಿಯಲೈಸ್' ಕಡಿ ಕೈ ಒಯ್ಯಬ್ಯಾಡ್ರಿ, ಡೇಟಾ ಅಳಿಸಿ ಹೋದೀತು.

4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ಬರೆದ್ರೂ ಏಳು ತಾಸಿನ ಮ್ಯಾಲ ಬೇಕು, ನಡುವ ಎಡಿಟಿಂಗ್ ಮಾಡಿದ್ರ ಇನ್ನೂ ಜಾಸ್ತಿ. ನಮ್ಮ ಮೇ ತಿಂಗಳ ಬಿಸಿಲಾಗ ಡಿಸ್ಕಿನ ಮುಂದ ಫ್ಯಾನ್ ಬೇಕೇ ಬೇಕು, ಕರೆಂಟ್ ಹೋದ್ರ ತಡಕೊಳ್ಳಾಕ ಯುಪಿಎಸ್ಸೂ.

ಇಷ್ಟೆಲ್ಲಾ ಮಾಡಿದ್ರೂ ನೀವು ಫೋಲ್ಡರ್ ಡಿಲೀಟ್ ಮಾಡಿದ್ರ ಎರಡೂ ಕನ್ನಡಿ ಡಿಸ್ಕಿನಿಂದ ಒಮ್ಮೆಲೇ ಹೋಗ್ತದ, ಅದಕ್ಕ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ಅದನ್ನ ಸ್ಟುಡಿಯೋದಾಗ ಇಡಬ್ಯಾಡ್ರಿ, ಮನಿಗೆ ಒಯ್ರಿ.